ಕಬ್ಬಿನ ಟ್ರೇಲರ್‌ಗೆ ಎಷ್ಟು ತುಂಬಬೇಕು: ಹೊಲದಿಂದ ಕಾಟಾದವರೆಗೆ ತೂಕದ ಸಮಗ್ರ ಮಾರ್ಗದರ್ಶಿ

ಕಬ್ಬು ನುರಿಸುವ ಹಂಗಾಮು ಆರಂಭವಾಯಿತೆಂದರೆ ಮುಧೋಳ, ಜಮಖಂಡಿ, ಬನಹಟ್ಟಿ, ಅಥಣಿ, ರಾಯಬಾಗ, ಗೋಕಾಕ ಭಾಗದ ರಸ್ತೆಗಳಲ್ಲಿ ಹಗಲು ರಾತ್ರಿಯೆನ್ನದೆ ಟ್ರ್ಯಾಕ್ಟರ್‌ಗಳ ಸಾಲು ಹರಿಯುತ್ತಲೇ ಇರುತ್ತದೆ. ಊರ ಕಟ್ಟೆಯ ಮೇಲೆ ಕುಳಿತವರ ನಡುವೆ ಆಗ ಬರುವ ಮಾತು ಒಂದೇ: ಯಾರ ಗಾಡಿ ಎಷ್ಟು ಟನ್ ಎಳೆಯಿತು. ಎಳೆಯುವ ಶಕ್ತಿ ಎಂಜಿನ್ನಿಗೆ ಸಂಬಂಧಿಸಿದ್ದು. ಕೆಳಗಿನ ಗೇರಿನಲ್ಲಿ ಇಂದಿನ 50 ಎಚ್‌ಪಿ ಟ್ರ್ಯಾಕ್ಟರ್ ತನ್ನ ತೂಕದ ಹಲವು ಪಟ್ಟು ಭಾರವನ್ನು ಸಮತಟ್ಟಾದ ಡಾಂಬರು ರಸ್ತೆಯಲ್ಲಿ ಎಳೆದುಕೊಂಡು ಹೋಗುತ್ತದೆ. ಆದರೆ ಸುರಕ್ಷಿತ ಮಿತಿಯನ್ನು ನಿರ್ಧರಿಸುವುದು ಎಂಜಿನ್ ಅಲ್ಲ. ಬ್ರೇಕ್ ಎಷ್ಟನ್ನು ನಿಲ್ಲಿಸಬಲ್ಲದು, ಮುಂದಿನ ಗಾಲಿಗಳ ಮೇಲೆ ಸ್ಟೇರಿಂಗ್ ಮಾತು ಕೇಳುವಷ್ಟು ಭಾರ ಉಳಿದಿದೆಯೇ, ಟೈರು ಮತ್ತು ಟ್ರೇಲರನ್ನು ಟ್ರ್ಯಾಕ್ಟರ್‌ಗೆ ಜೋಡಿಸುವ ಪಿನ್ನು ಎಷ್ಟನ್ನು ತಾಳುತ್ತವೆ ಎಂಬ ಪ್ರಶ್ನೆಗಳು ಅದನ್ನು ನಿರ್ಧರಿಸುತ್ತವೆ.

ನಾನು ಈ ಲೆಕ್ಕವನ್ನು ಕಲಿಯಲು ಕಾರಣವಾದ ಒಂದು ಸಂಗತಿಯನ್ನು ಹೇಳಿ ಮುಂದುವರಿಯುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮ ಎರೆಹೊಲದಿಂದ ಕಾಲುವೆಯ ಏರಿಗೆ ಹತ್ತುವಾಗ ತುಂಬಿದ ಗಾಡಿಯ ಮುಂದಿನ ಎರಡೂ ಗಾಲಿಗಳು ನೆಲದಿಂದ ಒಂದು ಗೇಣು ಮೇಲೆದ್ದವು. ಚಾಲಕನು ಒಡನೆಯೇ ಕ್ಲಚ್ ತುಳಿದದ್ದರಿಂದ ಮೂತಿ ಕೆಳಗೆ ಬಿದ್ದಿತು. ಗಾಡಿ ಹಿಂದೆ ಜಾರಿ ಬದುವಿಗೆ ಆತು ನಿಂತಿತು. ಮುಂದಿನ ಗಾಲಿ ಎದ್ದ ಟ್ರ್ಯಾಕ್ಟರ್ ಪೂರ್ತಿ ಹಿಂದಕ್ಕೆ ಮಗುಚಿಕೊಳ್ಳಲು ಒಂದೂವರೆ ಸೆಕೆಂಡು ಸಾಕು ಎಂಬುದು ನನಗೆ ತಿಳಿದದ್ದು ಆಮೇಲೆ. ಆ ದಿನ ನಾವು ತುಂಬಿದ್ದು ಅತಿಯಾಗಿತ್ತು, ಮತ್ತು ಅದಕ್ಕಿಂತ ಮುಖ್ಯವಾಗಿ, ತುಂಬಿದ್ದೆಲ್ಲ ಮುಂದಕ್ಕೆ ಬಂದಿತ್ತು.

ಕೆಳಗಿನ ಲೆಕ್ಕಗಳಿಗೆಲ್ಲ ಒಂದೇ ಉದಾಹರಣೆಯನ್ನು ಇಟ್ಟುಕೊಂಡಿದ್ದೇನೆ: ಚಾಲಕ ಮತ್ತು ಡೀಸೆಲ್ ಸೇರಿ 2,200 ಕೆಜಿ ತೂಗುವ ಟ್ರ್ಯಾಕ್ಟರ್, ಖಾಲಿ ಇದ್ದಾಗ 1,500 ಕೆಜಿ ತೂಗುವ ಎರಡು ಗಾಲಿಯ ಒಂದು ಟ್ರೇಲರ್. ನಿಮ್ಮ ಗಾಡಿಯ ಅಂಕಿಗಳು ಬೇರೆ ಇರುತ್ತವೆ. ಅವುಗಳನ್ನು ಒಂದು ವಹಿಯಲ್ಲಿ ಬರೆದುಕೊಂಡು ಇದೇ ಲೆಕ್ಕವನ್ನು ಮಾಡಬೇಕು.

ಮೊದಲ ಹಂತ: ಕಾಗದಗಳನ್ನು ಓದುವುದು

ಟ್ರ್ಯಾಕ್ಟರ್ ಮತ್ತು ಟ್ರೇಲರ್ ಎರಡಕ್ಕೂ ಬೇರೆ ಬೇರೆ ನೋಂದಣಿ ಇರುತ್ತದೆ. ಟ್ರೇಲರ್‌ನ ಆರ್‌ಸಿಯಲ್ಲಿ ಖಾಲಿ ತೂಕ ಮತ್ತು ಭಾರ ಸಹಿತ ಒಟ್ಟು ತೂಕ ಎಂಬ ಎರಡು ಅಂಕಿಗಳಿವೆ. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ತುಂಬಬಹುದಾದ ಮಾಲಿನ ತೂಕ ಸಿಗುತ್ತದೆ. ನಮ್ಮ ಉದಾಹರಣೆಯಲ್ಲಿ ಒಟ್ಟು ತೂಕ 6,000 ಕೆಜಿ ಎಂದಿದ್ದರೆ ಕಬ್ಬು 4,500 ಕೆಜಿ ಮೀರಬಾರದು. ಇಲ್ಲಿ ಬಹಳ ಮಂದಿ ಎಡವುವುದು ಆರ್‌ಸಿಯ ಖಾಲಿ ತೂಕವನ್ನು ಹಾಗೆಯೇ ನಂಬುವುದರಲ್ಲಿ. ನೋಂದಣಿಯ ನಂತರ ಹಲಗೆಯ ಬದಲು ತಗಡು ಹಾಕಿಸಿರುತ್ತೇವೆ, ಎತ್ತರಕ್ಕೆ ಕಬ್ಬಿಣದ ಕಂಬಗಳನ್ನು ಬೆಸೆಸಿರುತ್ತೇವೆ, ಚಾಸಿಗೆ ಪಟ್ಟಿ ಕೂಡಿಸಿರುತ್ತೇವೆ. ಇವೆಲ್ಲ ಸೇರಿ 200 ಕೆಜಿ ಹೆಚ್ಚಾಗಿದ್ದರೆ ಕಬ್ಬಿನಲ್ಲಿ ಅಷ್ಟನ್ನೇ ಕಡಿಮೆ ಮಾಡಬೇಕು. ಚಾಸಿಗೆ ಪಟ್ಟಿ ಬೆಸೆದ ಮಾತ್ರಕ್ಕೆ ಆರ್‌ಸಿಯ ಮಿತಿ ಹೆಚ್ಚುವುದಿಲ್ಲ.

ಇನ್ನೊಂದು ಕಾಗದ ಟ್ರ್ಯಾಕ್ಟರ್‌ನ ಕೈಪಿಡಿ. ಡ್ರಾಬಾರಿನ (ಟ್ರ್ಯಾಕ್ಟರ್‌ನ ಹಿಂದೆ ಟ್ರೇಲರ್ ಕಟ್ಟುವ ಪಟ್ಟಿಯ) ಮೇಲೆ ನೇರವಾಗಿ ಬೀಳಬಹುದಾದ ಭಾರ, ಹಿಂದಿನ ಅಚ್ಚಿನ ಗರಿಷ್ಠ ಭಾರ, ಟೈರಿನ ಗಾಳಿ ಇವುಗಳ ಮಿತಿಗಳನ್ನು ಅದರಲ್ಲಿ ಹುಡುಕಿ ವಹಿಯಲ್ಲಿ ಬರೆಯಬೇಕು. ಕೈಪಿಡಿ ಕಳೆದುಹೋಗಿದ್ದರೆ ಮಾರಾಟಗಾರರಲ್ಲಿ ಕೇಳಿ ಪಡೆಯಬಹುದು.

ದಂಡದ ವಿಷಯವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಮೋಟಾರು ವಾಹನ ಕಾಯ್ದೆ, 1988ರ 194ನೇ ಕಲಮಿನ ಪ್ರಕಾರ, 2019ರ ತಿದ್ದುಪಡಿಯ ನಂತರ, ಅಧಿಕ ಭಾರಕ್ಕೆ 20,000 ರೂಪಾಯಿ ಮತ್ತು ಹೆಚ್ಚಿನ ಪ್ರತಿ ಟನ್ನಿಗೆ 2,000 ರೂಪಾಯಿ ದಂಡವಿದೆ. ಮೂರು ಟನ್ ಹೆಚ್ಚಾದರೆ 26,000 ರೂಪಾಯಿ, ಜೊತೆಗೆ ಹೆಚ್ಚಿನ ಮಾಲನ್ನು ಇಳಿಸುವ ಖರ್ಚು. ಇಳಿಸುವವರೆಗೆ ಗಾಡಿ ಮುಂದೆ ಹೋಗುವಂತಿಲ್ಲ. ತೂಕ ಸರಿಯಿದ್ದರೂ ಮಾಲು ಅಗಲಕ್ಕೆ, ಉದ್ದಕ್ಕೆ, ಎತ್ತರಕ್ಕೆ ಅನುಮತಿ ಮೀರಿ ಹೊರಚಾಚಿದ್ದರೆ ಅದಕ್ಕೆ ಬೇರೆಯಾಗಿ 20,000 ರೂಪಾಯಿ ದಂಡವಿದೆ.

ಎರಡನೆಯ ಹಂತ: ನಿಲ್ಲಿಸುವ ಲೆಕ್ಕ

ಸಾಮಾನ್ಯ ಟ್ರ್ಯಾಕ್ಟರ್‌ನಲ್ಲಿ ಬ್ರೇಕ್ ಇರುವುದು ಹಿಂದಿನ ಎರಡು ಗಾಲಿಗಳಿಗೆ ಮಾತ್ರ. ಟ್ರೇಲರ್‌ಗೆ ಸ್ವಂತ ಬ್ರೇಕ್ ಇಲ್ಲದಿದ್ದರೆ, ಹಿಂದೆ ಎಷ್ಟು ಟನ್ ಇದ್ದರೂ ಅದನ್ನೆಲ್ಲ ನಿಲ್ಲಿಸಬೇಕಾದದ್ದು ಆ ಎರಡೇ ಗಾಲಿಗಳು. ಬ್ರೇಕಿನ ಹಿಡಿತ ಅಷ್ಟೇ ಇದ್ದು ಒಟ್ಟು ಭಾರ ನಾಲ್ಕು ಪಟ್ಟಾದರೆ ನಿಲ್ಲಲು ಬೇಕಾಗುವ ದೂರವೂ ನಾಲ್ಕು ಪಟ್ಟಾಗುತ್ತದೆ. ವೇಗದ ಪರಿಣಾಮ ಇನ್ನೂ ಕಠಿಣ: ಗಂಟೆಗೆ 15 ಕಿಮೀ ಇದ್ದದ್ದು 30 ಆದರೆ, ಭಾರ ಹೆಚ್ಚದಿದ್ದರೂ, ದೂರ ನಾಲ್ಕು ಪಟ್ಟಾಗುತ್ತದೆ.

ಇಳಿಜಾರಿನ ಲೆಕ್ಕ ಸರಳ. ಇಪ್ಪತ್ತು ಅಡಿಗೆ ಒಂದು ಅಡಿ ಇಳಿಯುವ ರಸ್ತೆಯಲ್ಲಿ ಒಟ್ಟು ತೂಕದ ಇಪ್ಪತ್ತನೇ ಒಂದು ಭಾಗ ಗಾಡಿಯನ್ನು ಸತತವಾಗಿ ಕೆಳಕ್ಕೆ ತಳ್ಳುತ್ತಿರುತ್ತದೆ. ಟ್ರ್ಯಾಕ್ಟರ್ ಸೇರಿ 8,200 ಕೆಜಿ ಇದ್ದರೆ ತಳ್ಳುವ ಬಲ 410 ಕೆಜಿ. ಎರಡು ಟ್ರೇಲರ್ ಕಟ್ಟಿ ಒಟ್ಟು 20 ಟನ್ ಆಗಿದ್ದರೆ ಒಂದು ಟನ್ ಭಾರ ಬೆನ್ನ ಮೇಲೆ ನೂಕುತ್ತಿರುತ್ತದೆ. ಬಯಲುಸೀಮೆಯಾದ ನಮ್ಮಲ್ಲಿ ಘಟ್ಟದ ರಸ್ತೆ ಇಲ್ಲವೆಂದು ಉದಾಸೀನ ಮಾಡುವವರಿದ್ದಾರೆ. ಹೊಳೆಯ ಸೇತುವೆಗೆ ಇಳಿಯುವ ರಸ್ತೆ, ಕಾಲುವೆಯ ಏರಿ, ಹಳ್ಳದ ದಂಡೆ ಇವು ಸಾಕಷ್ಟು ಇಳಿಜಾರುಗಳೇ.

ಹಲವು ತಯಾರಕರ ಕೈಪಿಡಿಗಳಲ್ಲಿ ಕಾಣುವ ಒಂದು ನಿಯಮ ಹೀಗಿದೆ: ಬ್ರೇಕ್ ಇಲ್ಲದ ಟ್ರೇಲರ್‌ನ ಒಟ್ಟು ತೂಕ ಟ್ರ್ಯಾಕ್ಟರ್‌ನ ತೂಕದ 1.5 ಪಟ್ಟು ಮೀರಬಾರದು ಮತ್ತು ವೇಗ ಗಂಟೆಗೆ 32 ಕಿಮೀ ದಾಟಬಾರದು. ಬ್ರೇಕ್ ಇರುವ ಟ್ರೇಲರ್ ಆದರೆ 4.5 ಪಟ್ಟು, 40 ಕಿಮೀ. ನಿಮ್ಮ ಕೈಪಿಡಿ ಇದಕ್ಕಿಂತ ಕಡಿಮೆ ಹೇಳಿದ್ದರೆ ಅದನ್ನೇ ಪಾಲಿಸಬೇಕು. ನಮ್ಮ ಉದಾಹರಣೆಯ ಟ್ರ್ಯಾಕ್ಟರ್‌ಗೆ ಬ್ರೇಕ್ ಇಲ್ಲದ ಟ್ರೇಲರ್‌ನ ಮಿತಿ 3,300 ಕೆಜಿ. ಖಾಲಿ ತೂಕ ಕಳೆದರೆ ಕಬ್ಬಿಗೆ ಉಳಿಯುವುದು 1,800 ಕೆಜಿ ಮಾತ್ರ. ನಮ್ಮ ರಸ್ತೆಗಳಲ್ಲಿ ಓಡುವ ಗಾಡಿಗಳನ್ನು ನೋಡಿದವರಿಗೆ ಈ ಅಂಕಿ ನಂಬಲಾಗದಷ್ಟು ಚಿಕ್ಕದೆನಿಸಬಹುದು. ಅಂಕಿ ಚಿಕ್ಕದಲ್ಲ, ನಾವು ರೂಢಿ ಮಾಡಿಕೊಂಡಿರುವ ಹೊರೆ ದೊಡ್ಡದು. ಆರ್‌ಸಿ ಒಪ್ಪುವ 4,500 ಕೆಜಿಯನ್ನು ತುಂಬಲೇಬೇಕೆಂದರೆ ಟ್ರೇಲರ್‌ಗೆ ಟ್ರ್ಯಾಕ್ಟರ್ ಬ್ರೇಕಿನೊಂದಿಗೆ ಕೆಲಸ ಮಾಡುವ ಸ್ವಂತ ಬ್ರೇಕ್ ಇರಲೇಬೇಕು. ಹೊಸ ಪೇಂಟು, ಹೊಸ ಟೇಪ್ ರೆಕಾರ್ಡರ್ ಇವೆಲ್ಲಕ್ಕಿಂತ ಮೊದಲು ಹಣ ಹೋಗಬೇಕಾದದ್ದು ಅಲ್ಲಿಗೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಮೂರನೆಯ ಹಂತ: ಮುಂಭಾರ ಮತ್ತು ಹಿಂಭಾರ

ಚಕ್ಕಡಿ ಹೂಡುತ್ತಿದ್ದ ಕಾಲದಲ್ಲಿ ಈ ವಿದ್ಯೆ ಎಲ್ಲರಿಗೂ ಗೊತ್ತಿತ್ತು. ನಮ್ಮ ತಂದೆಯವರು ಚಕ್ಕಡಿ ತುಂಬಿದ ಮೇಲೆ, ಎತ್ತುಗಳನ್ನು ಹೂಡುವ ಮೊದಲು, ನೊಗದ ನಡುವೆ ಕೈಯಿಟ್ಟು ಎತ್ತಿ ನೋಡುತ್ತಿದ್ದರು. ಮುಂಭಾರವಾದರೆ ನೊಗ ಎತ್ತಿನ ಹೆಗಲನ್ನು ಒತ್ತುತ್ತದೆ. ಹಿಂಭಾರವಾದರೆ ನೊಗ ಮೇಲೆದ್ದು ಕೊರಳಿಗೆ ಬಿಗಿಯುತ್ತದೆ. ಕೈಗೆ ತುಸುವೇ ಭಾರವೆನಿಸುವವರೆಗೆ ಚೀಲಗಳನ್ನು ಹಿಂದೆ ಮುಂದೆ ಸರಿಸುತ್ತಿದ್ದರು. ಎರಡು ಗಾಲಿಯ ಟ್ರೇಲರ್ ಕೂಡ ಚಕ್ಕಡಿಯೇ. ಎತ್ತು ಒದ್ದಾಡಿ ತೋರಿಸುತ್ತಿತ್ತು, ಟ್ರ್ಯಾಕ್ಟರ್ ತೋರಿಸುವುದಿಲ್ಲವಾದ್ದರಿಂದ ನಾವು ಅಳತೆಯಿಂದ ತಿಳಿಯಬೇಕಾಗಿದೆ.

ಅಳತೆ ಹೀಗೆ. ಪಿನ್ನಿನಿಂದ ಟ್ರೇಲರ್‌ನ ಅಚ್ಚಿಗೆ ಇರುವ ದೂರವನ್ನು ಟೇಪಿನಿಂದ ಅಳೆಯಿರಿ. ನಮ್ಮ ಉದಾಹರಣೆಯಲ್ಲಿ ಅದು 3.2 ಮೀಟರ್. ಕಬ್ಬಿನ ರಾಶಿಯ ನಟ್ಟನಡು ಅಚ್ಚಿಗಿಂತ ಎಷ್ಟು ಮುಂದಿದೆ ಎಂಬುದನ್ನು ಅಂದಾಜು ಮಾಡಿ. 4,500 ಕೆಜಿಯ ರಾಶಿಯ ನಡು ಅಚ್ಚಿಗಿಂತ 40 ಸೆಂಮೀ ಮುಂದಿದ್ದರೆ, 4,500ನ್ನು 0.4ರಿಂದ ಗುಣಿಸಿ 3.2ರಿಂದ ಭಾಗಿಸಿದಾಗ ಪಿನ್ನಿನ ಮೇಲೆ ಬೀಳುವ ಭಾರ ಸುಮಾರು 560 ಕೆಜಿ ಎಂದು ಬರುತ್ತದೆ. ಟ್ರೇಲರ್‌ನ ಸ್ವಂತ ಮೂತಿಭಾರ ಸೇರಿ 650 ಎನ್ನೋಣ. ಅಷ್ಟೇ ಕಬ್ಬನ್ನು ಅದೇ ಟ್ರೇಲರ್‌ನಲ್ಲಿ ಮುಂದಕ್ಕೆ ಒಟ್ಟಿ, ನಡು 90 ಸೆಂಮೀ ಮುಂದೆ ಬಂದರೆ, ಕಬ್ಬಿನಿಂದಲೇ ಬೀಳುವ ಭಾರ 1,260 ಕೆಜಿ ದಾಟುತ್ತದೆ. ನಡು ಅಚ್ಚಿನ ಹಿಂದಕ್ಕೆ 20 ಸೆಂಮೀ ಸರಿದರೆ ಕಬ್ಬು ಪಿನ್ನನ್ನು 280 ಕೆಜಿಯಷ್ಟು ಮೇಲಕ್ಕೆ ಎತ್ತುತ್ತದೆ. ತೂಕ ಒಂದೇ ಇದ್ದರೂ ಗಾಡಿ ಮೂರು ಬಗೆಯಾಗಿ ನಡೆಯುತ್ತದೆ.

ಪಿನ್ನಿನ ಭಾರ ಟ್ರ್ಯಾಕ್ಟರ್‌ಗೆ ಏನು ಮಾಡುತ್ತದೆ ಎಂಬುದು ಮುಂದಿನ ಪ್ರಶ್ನೆ. ಪಿನ್ನು ಹಿಂದಿನ ಅಚ್ಚಿಗಿಂತ 70 ಸೆಂಮೀ ಹಿಂದಿದ್ದು ಎರಡು ಅಚ್ಚುಗಳ ನಡುವೆ 2 ಮೀಟರ್ ಇದ್ದರೆ, ಪಿನ್ನಿನ ಮೇಲೆ ಬಿದ್ದ ಪ್ರತಿ 100 ಕೆಜಿಗೆ ಮುಂದಿನ ಗಾಲಿಗಳಿಂದ 35 ಕೆಜಿ ಎತ್ತಿಹೋಗುತ್ತದೆ. ಖಾಲಿ ಇದ್ದಾಗ ಮುಂದಿನ ಗಾಲಿಗಳ ಮೇಲೆ 850 ಕೆಜಿ ಇತ್ತೆಂದುಕೊಳ್ಳಿ. ಪಿನ್ನಿನ ಮೇಲೆ 650 ಬಿದ್ದಾಗ ಸುಮಾರು 620 ಉಳಿಯುತ್ತದೆ. 1,500 ಬಿದ್ದರೆ 325 ಮಾತ್ರ. ಸ್ಟೇರಿಂಗ್ ಕೆಲಸ ಮಾಡಬೇಕಾದರೆ ಟ್ರ್ಯಾಕ್ಟರ್‌ನ ತೂಕದಲ್ಲಿ ಕನಿಷ್ಠ ಶೇ. 20ರಷ್ಟು, ಅಂದರೆ ಇಲ್ಲಿ 440 ಕೆಜಿ, ಮುಂದಿನ ಗಾಲಿಗಳ ಮೇಲಿರಬೇಕು. ಇದು ನಿಂತ ಗಾಡಿಯ ಲೆಕ್ಕ. ಏರು ಹತ್ತುವಾಗ, ಜಗ್ಗಿ ಎಳೆಯುವಾಗ ಮುಂದಿನ ಭಾರ ಇನ್ನಷ್ಟು ಇಳಿಯುತ್ತದೆ. ಆದುದರಿಂದ ನಾನು ಶೇ. 20ರ ಅಂಚಿಗೆ ಹೋಗದೆ ಶೇ. 25ರ ಮೇಲೆಯೇ ನಿಲ್ಲುತ್ತೇನೆ.

ಮುಂದೆ ಬಂಪರಿಗೆ ಹೆಚ್ಚುವರಿ ವೇಟ್ ಹಾಕುವುದರಿಂದ ಸ್ಟೇರಿಂಗ್ ಹಿಡಿತ ಸುಧಾರಿಸುವುದು ನಿಜ, ಮತ್ತು ತಯಾರಕರು ಹೇಳಿದಷ್ಟು ಹಾಕುವುದು ಒಳ್ಳೆಯದು. ಆದರೆ ಅದನ್ನು ಹಾಕಿದ್ದೇವೆಂದು ಹಿಂದೆ ಇನ್ನೊಂದು ಟನ್ ಒಟ್ಟಿದರೆ ಬ್ರೇಕಿನ ಲೆಕ್ಕ ಕೆಟ್ಟುಹೋಗುತ್ತದೆ. ಟ್ರೇಲರ್ ಕಟ್ಟುವ ಜಾಗ ಡ್ರಾಬಾರ್ ಮಾತ್ರ. ಅದಕ್ಕಿಂತ ಎತ್ತರದಲ್ಲಿ, ಟಾಪ್ ಲಿಂಕ್ ಇರುವಲ್ಲಿ ಕಟ್ಟಿ ಎಳೆದರೆ ಕಡಿಮೆ ಭಾರಕ್ಕೂ ಮೂತಿ ಏಳುತ್ತದೆ.

ಹಿಂಭಾರವೂ ಅಷ್ಟೇ ಅಪಾಯಕಾರಿ. ಪಿನ್ನು ಮೇಲಕ್ಕೆ ಎಳೆದಾಗ ಟ್ರ್ಯಾಕ್ಟರ್‌ನ ಹಿಂದಿನ ಗಾಲಿಗಳು ಹಗುರವಾಗುತ್ತವೆ. ಬ್ರೇಕ್ ಇರುವುದೂ ಅವಕ್ಕೇ ಆದ್ದರಿಂದ ತುಳಿದಾಗ ಗಾಲಿ ಜಾರುತ್ತದೆ, ಟ್ರೇಲರ್ ಬಾಲ ಬೀಸುತ್ತದೆ. ಕಬ್ಬು ಹಿಂದಕ್ಕೆ ಮಾರುಗಟ್ಟಲೆ ಚಾಚಿಕೊಂಡಿರುವ ಗಾಡಿಗಳಲ್ಲಿ ಇದು ಆಗುತ್ತದೆ. ಮುಂದೆ ತಿರುಗುವ ಅಚ್ಚಿರುವ ನಾಲ್ಕು ಗಾಲಿಯ ಟ್ರೇಲರ್‌ನಲ್ಲಿ ಪಿನ್ನಿನ ಮೇಲೆ ಭಾರ ಬೀಳುವುದಿಲ್ಲ. ಅಲ್ಲಿ ಬ್ರೇಕ್ ಮತ್ತು ಟೈರಿನ ಲೆಕ್ಕ ಮಾತ್ರ ಉಳಿಯುತ್ತದೆ.

ನಾಲ್ಕನೆಯ ಹಂತ: ಟೈರು, ಪಿನ್ನು, ಸರಪಳಿ

ಟೈರಿನ ಮಗ್ಗುಲಲ್ಲಿ ಅಳತೆಯ ಪಕ್ಕದಲ್ಲಿ ಒಂದು ಅಂಕಿ ಮತ್ತು ಅಕ್ಷರ ಇರುತ್ತವೆ. 130 ಎಂದಿದ್ದರೆ ಆ ಟೈರು, ಹೇಳಿದ ಗಾಳಿ ಮತ್ತು ವೇಗದಲ್ಲಿ, 1,900 ಕೆಜಿ ಹೊರುತ್ತದೆ. 140 ಎಂದರೆ 2,500 ಕೆಜಿ. ಎ6 ಎಂದರೆ ಗಂಟೆಗೆ 30 ಕಿಮೀ, ಎ8 ಎಂದರೆ 40 ಕಿಮೀ ವೇಗಕ್ಕೆ ಆ ಮಾತು. ನಮ್ಮ ಉದಾಹರಣೆಯಲ್ಲಿ ಒಟ್ಟು 6,000ದಲ್ಲಿ 650 ಪಿನ್ನಿನ ಮೇಲೆ ಹೋಗಿ 5,350 ಕೆಜಿ ಟ್ರೇಲರ್‌ನ ಅಚ್ಚಿನ ಮೇಲಿದೆ. 130ರ ಎರಡೇ ಟೈರುಗಳಿದ್ದರೆ ಅವು ಹೊರುವುದು 3,800 ಮಾತ್ರ. ಆಗ ಆರ್‌ಸಿ ಏನೇ ಹೇಳಿದ್ದರೂ ಟೈರೇ ನಿಮ್ಮ ಮಿತಿ. ಗಾಳಿಯನ್ನು ಬೆಳಗ್ಗೆ, ಟೈರು ತಣ್ಣಗಿದ್ದಾಗ ನೋಡಬೇಕು.

ಪಿನ್ನನ್ನು ಕೈಯಲ್ಲಿ ಹಿಡಿದು ನೋಡಿ. ಒಂದೆರಡು ಹಂಗಾಮು ದುಡಿದ ಪಿನ್ನಿನ ನಡುವೆ, ಕೊಂಡಿ ಉಜ್ಜುವ ಜಾಗದಲ್ಲಿ, ಹೊಳೆಯುವ ಒಂದು ಸೊಂಟ ಮೂಡಿರುತ್ತದೆ. ಬೆರಳ ಉಗುರನ್ನು ಮೇಲಿನಿಂದ ಕೆಳಕ್ಕೆ ಎಳೆದರೆ ಆ ತಗ್ಗಿನ ಅಂಚಿಗೆ ಉಗುರು ತಡೆಯುತ್ತದೆ. ಹಾಗೆ ತಡೆದ ಪಿನ್ನನ್ನು ಮತ್ತೆ ಹಾಕಬಾರದು. ಅದರ ಜಾಗದಲ್ಲಿ ಗ್ಯಾರೇಜಿನಲ್ಲಿ ಬಿದ್ದಿದ್ದ ಬೋಲ್ಟನ್ನೋ ಕತ್ತರಿಸಿದ ಸಲಾಕೆಯನ್ನೋ ಹಾಕುವುದೂ ಸಲ್ಲದು. ತಗ್ಗಿನಲ್ಲಿ ಕುಲುಕಿದಾಗ ಮೇಲೆ ಹಾರದಂತೆ ಪಿನ್ನಿಗೆ ಬೀಗದ ಕಡ್ಡಿ ಇರಬೇಕು. ಪಿನ್ನು ಹೋದರೂ ಟ್ರೇಲರ್ ಬಿಟ್ಟುಹೋಗದಂತೆ ಮೂತಿಯಿಂದ ಟ್ರ್ಯಾಕ್ಟರ್‌ಗೆ ಗಟ್ಟಿ ಸರಪಳಿ ಕಟ್ಟಬೇಕು.

ಇಲ್ಲಿಯವರೆಗೆ ಬಂದ ಅಂಕಿಗಳನ್ನೆಲ್ಲ ಒಂದರ ಕೆಳಗೊಂದು ಬರೆಯಿರಿ: ಆರ್‌ಸಿಯ ಮಿತಿ, ಬ್ರೇಕಿನ ಮಿತಿ, ಪಿನ್ನಿನ ಮಿತಿ, ಟೈರಿನ ಮಿತಿ. ಅವುಗಳಲ್ಲಿ ಎಲ್ಲಕ್ಕಿಂತ ಚಿಕ್ಕದೇ ನಿಮ್ಮ ಗಾಡಿಯ ಮಿತಿ.

ಐದನೆಯ ಹಂತ: ಹೊಲದಲ್ಲಿ ತುಂಬುವಾಗ

ಹೊಲದಲ್ಲಿ ಗಾಡಿ ತೂಗುವ ಕಾಟಾ ಇರುವುದಿಲ್ಲ, ಆದ್ದರಿಂದ ಎತ್ತರವನ್ನೇ ತೂಕದ ಗುರುತಾಗಿ ಮಾಡಿಕೊಳ್ಳಬೇಕು. ಟ್ರೇಲರ್‌ನ ಕಂಬಗಳ ಮೇಲೆ ತಳದಿಂದ ಅರ್ಧರ್ಧ ಅಡಿಗೆ ಬಿಳಿ ಬಣ್ಣದ ಗೆರೆಗಳನ್ನು ಹಾಕಿ. ಪ್ರತಿ ಖೇಪಿನಲ್ಲಿ ಯಾವ ಗೆರೆಯವರೆಗೆ ತುಂಬಿದ್ದಿರಿ ಎಂಬುದನ್ನೂ ಕಾರ್ಖಾನೆಯ ತೂಕದ ಚೀಟಿಯಲ್ಲಿ ಬಂದ ಟನ್ನನ್ನೂ ವಹಿಯಲ್ಲಿ ಜೊತೆಯಾಗಿ ಬರೆಯಿರಿ. ನಾಲ್ಕು ಅಡಿಗೆ 5 ಟನ್ ಬಂದಿದ್ದರೆ ಅಡಿಗೆ 1.25 ಟನ್; 4.5 ಟನ್ನಿಗೆ ಮೂರೂವರೆ ಅಡಿ ದಾಟಿದ ಕೂಡಲೇ ನಿಲ್ಲಿಸಬೇಕು. ತಳಿ ಬದಲಾದರೆ, ಕಬ್ಬು ದಪ್ಪವಾದರೆ, ರವದಿ (ಒಣಗಿದ ಗರಿ) ಸರಿಯಾಗಿ ಸುಲಿದಿದ್ದರೆ, ಕಟ್ಟುಗಳನ್ನು ಒತ್ತಾಗಿ ಜೋಡಿಸಿದರೆ ಅಡಿಯ ತೂಕ ಬದಲಾಗುತ್ತದೆ. ಹೀಗಾಗಿ ಪ್ರತಿ ಹೊಲದ ಮೊದಲ ಖೇಪನ್ನು ಒಂದು ಗೆರೆ ಕಡಿಮೆ ತುಂಬಿ ಚೀಟಿ ನೋಡಿಕೊಳ್ಳುವುದು ಲೇಸು.

ಕಡಿಯುವ ಗ್ಯಾಂಗಿಗೆ ಕೂಲಿ ಟನ್ನಿನ ಮೇಲೆ, ಗಾಡಿಯ ಬಾಡಿಗೆಯೂ ಟನ್ನಿನ ಮೇಲೆ. ಹೀಗಿರುವಾಗ ಇನ್ನು ನಾಲ್ಕು ಕಟ್ಟು ಹಾಕೋಣ ಎಂಬ ಮಾತು ಬಂದೇ ಬರುತ್ತದೆ, ಮತ್ತು ಅದಕ್ಕಾಗಿ ಗ್ಯಾಂಗಿನವರನ್ನು ದೂರಲಾಗದು. ಗೆರೆ ಎಲ್ಲಿದೆ ಎಂಬುದನ್ನು ಗ್ಯಾಂಗಿನ ಮುಖಂಡರಾದ ಮುಕಾದಮರಿಗೆ ತುಂಬುವ ಮೊದಲೇ ತೋರಿಸಿ, ಆ ಮಾತಿಗೆ ಮಾಲೀಕನೇ ಬದ್ಧನಾಗಿರಬೇಕು. ತುಂಬಿ ಕಟ್ಟಿದ ಮೇಲೆ ಇಳಿಸಿರೆಂದು ಹೇಳಲು ಯಾರ ಬಾಯಿಯೂ ಬರುವುದಿಲ್ಲ.

ತುಂಬುವಾಗ ಮೊದಲ ಕಟ್ಟುಗಳನ್ನು ಅಚ್ಚಿನ ನೇರಕ್ಕೆ ಹಾಕಿ, ನಂತರ ಮುಂದೆ ಹಿಂದೆ ಹರಡಬೇಕು. ಎಡಬಲಗಳೂ ಸಮವಾಗಿರಲಿ. ಎತ್ತರ ಹೆಚ್ಚಿದಷ್ಟೂ ತಿರುವಿನಲ್ಲಿ ಮಗ್ಗುಲಿಗೆ ಬೀಳುವ ಸಾಧ್ಯತೆ ಹೆಚ್ಚು. ರಸ್ತೆಯ ಅಂಚಿನ ಎರೆಮಣ್ಣು ಹಸಿಯಿದ್ದರೆ ಒಂದು ಗಾಲಿ ಕುಸಿದರೂ ಸಾಕು.

ಆರನೆಯ ಹಂತ: ಕಾಟಾದ ಮೇಲೆ ಮೂರು ತೂಕ

ಹಂಗಾಮಿಗೆ ಒಮ್ಮೆಯಾದರೂ ಖಾಸಗಿ ಕಾಟಾಕ್ಕೆ ಹೋಗಿ, ಜನಸಂದಣಿಯಿಲ್ಲದ ಹೊತ್ತಿನಲ್ಲಿ, ತುಂಬಿದ ಗಾಡಿಯನ್ನು ಮೂರು ಸಲ ತೂಗಿಸಬೇಕು. ಮೊದಲು ಟ್ರ್ಯಾಕ್ಟರ್‌ನ ಮುಂದಿನ ಗಾಲಿಗಳು ಮಾತ್ರ ಕಾಟಾದ ಮೇಲೆ. ಎರಡನೆಯದಾಗಿ ಟ್ರೇಲರ್ ಕಟ್ಟಿದಂತೆಯೇ ಇದ್ದು ಟ್ರ್ಯಾಕ್ಟರ್‌ನ ನಾಲ್ಕೂ ಗಾಲಿಗಳು. ಮೂರನೆಯದಾಗಿ ಇಡೀ ಗಾಡಿ. ನಮ್ಮ ಉದಾಹರಣೆಯಲ್ಲಿ 620, 2,850, 8,200 ಎಂದು ಬಂದಿದೆ ಎನ್ನೋಣ. 2,850ರಲ್ಲಿ ಟ್ರ್ಯಾಕ್ಟರ್‌ನ ಖಾಲಿ ತೂಕ 2,200 ಕಳೆದರೆ ಪಿನ್ನಿನ ಭಾರ 650. 2,850ರಲ್ಲಿ 620 ಕಳೆದರೆ ಟ್ರ್ಯಾಕ್ಟರ್‌ನ ಹಿಂದಿನ ಅಚ್ಚಿನ ಮೇಲೆ 2,230. 8,200ರಲ್ಲಿ 2,850 ಕಳೆದರೆ ಟ್ರೇಲರ್‌ನ ಅಚ್ಚಿನ ಮೇಲೆ 5,350. ವಹಿಯಲ್ಲಿ ಬರೆದಿಟ್ಟ ಮಿತಿಗಳ ಪಕ್ಕದಲ್ಲಿ ಇವುಗಳನ್ನು ಬರೆದರೆ ಯಾವುದು ಮೀರಿದೆ ಎಂಬುದು ತಾನಾಗಿ ಕಾಣುತ್ತದೆ. ಕಾಟಾದ ಹೊರಗಿನ ನೆಲ ಕಾಟಾದ ಮಟ್ಟಕ್ಕೇ ಇರಬೇಕು, ತೂಗುವಾಗ ಬ್ರೇಕ್ ಬಿಟ್ಟಿರಬೇಕು. ಇಲ್ಲವಾದರೆ ಅಂಕಿ ತಪ್ಪಾಗುತ್ತದೆ.

ಎರಡು ಟ್ರೇಲರ್ ಕಟ್ಟುವವರಿಗೆ

ಒಂದು ಟ್ರೇಲರ್‌ಗೆ ಹೇಳಿದ್ದನ್ನೆಲ್ಲ ಎರಡಕ್ಕೂ ಕೂಡಿಸಿ ನೋಡಬೇಕು. ಆರು ಟನ್ನಿನ ಎರಡು ಟ್ರೇಲರ್ ಸೇರಿದರೆ 12 ಟನ್. ಎರಡಕ್ಕೂ ಬ್ರೇಕ್ ಇದ್ದರೂ 2,200 ಕೆಜಿಯ ಟ್ರ್ಯಾಕ್ಟರ್‌ಗೆ 4.5 ಪಟ್ಟಿನ ಮಿತಿ 9,900 ಕೆಜಿ. ಅಂದರೆ ಎರಡನ್ನೂ ಪೂರ್ತಿ ತುಂಬುವಂತಿಲ್ಲ. ಇನ್ನೊಂದು ಸೂಕ್ಷ್ಮವಿದೆ. ಎರಡೂ ಎರಡು ಗಾಲಿಯವಾಗಿದ್ದರೆ, ಹಿಂದಿನದರ ಮೂತಿಭಾರ ಮುಂದಿನದರ ಬಾಲದ ಮೇಲೆ ಬಿದ್ದು ಅದರ ಮೂತಿಯನ್ನು ಎತ್ತುತ್ತದೆ. ಬಾಲದ ಕೊಂಡಿ ಅಚ್ಚಿಗಿಂತ 2 ಮೀಟರ್ ಹಿಂದಿದ್ದು ಅದರ ಮೇಲೆ 600 ಕೆಜಿ ಬಿದ್ದರೆ, ಟ್ರ್ಯಾಕ್ಟರ್‌ನ ಪಿನ್ನಿನ ಭಾರ 375 ಕೆಜಿ ಕಡಿಮೆಯಾಗುತ್ತದೆ. ಆದ್ದರಿಂದ ಹಿಂದಿನ ಟ್ರೇಲರನ್ನು ಹಗುರವಾಗಿ, ನಡುವೆ ಒತ್ತಾಗಿ ತುಂಬಬೇಕು. ಭಾರವಾದದ್ದು ಯಾವಾಗಲೂ ಮುಂದಿನ ಟ್ರೇಲರ್ ಆಗಿರಬೇಕು. ಒಟ್ಟು ಮಿತಿಗೆ ಒಂದೇ ಟ್ರೇಲರ್ ಸಾಕಾಗುವಲ್ಲಿ ಎರಡನೆಯದನ್ನು ಕಟ್ಟಲೇಬಾರದು ಎಂದು ನಾನು ಹೇಳುತ್ತೇನೆ.

ಕೊನೆಯ ಹಂತ: ರಸ್ತೆಯ ಮೇಲೆ

ಹೊಲ ಬಿಡುವ ಮೊದಲು ಎಡಬಲದ ಬ್ರೇಕ್ ಪೆಡಲುಗಳನ್ನು ಕೂಡಿಸಿ ಲಾಕ್ ಮಾಡಬೇಕು. ಒಂದೇ ಗಾಲಿಗೆ ಬ್ರೇಕ್ ಬಿದ್ದರೆ ಟ್ರೇಲರ್ ಟ್ರ್ಯಾಕ್ಟರನ್ನು ಮಡಚಿಹಾಕುತ್ತದೆ. ಇಳಿಜಾರಿಗೆ ಬರುವ ಮೊದಲೇ ಕೆಳಗಿನ ಗೇರಿಗೆ ಬರಬೇಕು, ಇಳಿಯುವಾಗ ಕ್ಲಚ್ ತುಳಿಯಬಾರದು, ಡೀಸೆಲ್ ಉಳಿತಾಯಕ್ಕೆಂದು ನ್ಯೂಟ್ರಲ್ ಮಾಡುವುದಂತೂ ಜೀವದೊಡನೆ ಆಟ. ತುಂಬಿದ ಗಾಡಿಗೆ ಸಮತಟ್ಟಾದ ರಸ್ತೆಯಲ್ಲಿಯೂ ಗಂಟೆಗೆ 20 ಕಿಮೀ ಸಾಕು. ಚಾಚಿದ ಕಬ್ಬು ಹಿಂದಿನ ಕೆಂಪು ದೀಪವನ್ನೂ ರಿಫ್ಲೆಕ್ಟರನ್ನೂ ಮುಚ್ಚಿರುತ್ತದೆ; ಕತ್ತಲಾದ ಮೇಲೆ ಹೊರಡುವುದಾದರೆ ಕಬ್ಬಿನ ತುದಿಗೇ ರಿಫ್ಲೆಕ್ಟರ್ ಕಟ್ಟಬೇಕು. ಟ್ರೇಲರ್‌ನ ಮೂತಿಯ ಮೇಲೆ, ಮಡ್‌ಗಾರ್ಡಿನ ಮೇಲೆ ಯಾರನ್ನೂ ಕೂರಿಸಬಾರದು.

ಐದಾರು ಕಿಮೀ ಹೋದ ಮೇಲೆ ಅಗಲವಾದ ಜಾಗ ನೋಡಿ ಒಮ್ಮೆ ನಿಲ್ಲಿಸಿ, ಟ್ರೇಲರ್‌ನ ಹಬ್ಬುಗಳನ್ನು ಅಂಗೈಯಿಂದ ಮುಟ್ಟಿ ನೋಡಿ. ಕೈ ಇಡಲಾಗದಷ್ಟು ಸುಡುತ್ತಿದ್ದರೆ ಬೇರಿಂಗ್ ಕೆಟ್ಟಿರಬೇಕು ಅಥವಾ ಭಾರ ಹೆಚ್ಚಾಗಿರಬೇಕು. ಕಾರ್ಖಾನೆಯಲ್ಲಿ ಖಾಲಿ ಮಾಡಿ ಹೊರಬರುವಾಗ ಸಿಗುವ ಚೀಟಿಯಲ್ಲಿ ಖಾಲಿ ತೂಕವನ್ನೂ ಕಬ್ಬಿನ ತೂಕವನ್ನೂ ನೋಡಿ, ಆ ದಿನದ ಗೆರೆಯ ಪಕ್ಕದಲ್ಲಿ ಬರೆದುಕೊಳ್ಳಿ. ಮಿತಿ ದಾಟಿದ್ದರೆ ಕಂಬದ ಮೇಲೆ ಮಿತಿಯ ಗೆರೆಯನ್ನು ಕೆಂಪು ಬಣ್ಣದಲ್ಲಿ ಅಷ್ಟು ಕೆಳಗೆ ಹಾಕಿದ ನಂತರವೇ ಮುಂದಿನ ಖೇಪಿಗೆ ಗಾಡಿಯನ್ನು ಹೊಲಕ್ಕೆ ಕಳುಹಿಸಬೇಕು.